ಅಳಿಸಿದ ಪುಟವೇ ಸಾಕ್ಷಿ

1986ರ ಆಗಸ್ಟ್ ತಿಂಗಳು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಕಂಪ್ಯೂಟರ್ ಲೆಕ್ಕದಲ್ಲಿ 75 ಸೆಂಟ್ ವ್ಯತ್ಯಾಸ ಕಂಡುಬಂತು. ಅಂದಿನ ವಿನಿಮಯ ದರದಲ್ಲಿ ಒಂಬತ್ತೋ ಹತ್ತೋ ರೂಪಾಯಿ. ಕಂಪ್ಯೂಟರ್ ಬಳಸಿದಷ್ಟು ಹೊತ್ತಿಗೂ ಬಳಕೆದಾರರ ಲೆಕ್ಕಕ್ಕೆ ಹಣ ಬರೆಯುತ್ತಿದ್ದ ಕಾಲ ಅದು. ಇಷ್ಟು ಚಿಕ್ಕ ಮೊತ್ತವನ್ನು ಯಾರಾದರೂ ‘ಹೋಗಲಿ ಬಿಡಿ’ ಎಂದು ಬಿಡಬಹುದಿತ್ತು. ಆದರೆ ಅದನ್ನು ಪತ್ತೆ ಮಾಡುವ ಕೆಲಸ ಬಿದ್ದದ್ದು ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳ ವಿಜ್ಞಾನಿಯ ಪಾಲಿಗೆ. ಸಂಶೋಧನೆಯ ಹಣ ಮುಗಿದು ಆಗತಾನೆ ಕಂಪ್ಯೂಟರ್ ವಿಭಾಗಕ್ಕೆ ವರ್ಗವಾಗಿ ಬಂದಿದ್ದವರು ಅವರು. ನಕ್ಷತ್ರಗಳ ಲೆಕ್ಕ ಹಾಕಿದವರಿಗೆ ಚಿಲ್ಲರೆ ಲೆಕ್ಕ ತಪ್ಪುವುದು ಸಹಿಸದ ಸಂಗತಿ.

ಹುಡುಕುತ್ತ ಹೋದ ಸ್ಟಾಲ್ ಅವರಿಗೆ ಬಿಲ್ ಕಳಿಸಲು ವಿಳಾಸವೇ ಇಲ್ಲದ ಹೊಸ ಖಾತೆಯೊಂದು ಸಿಕ್ಕಿತು. ಪ್ರಯೋಗಾಲಯದಲ್ಲಿ ಲೆಕ್ಕ ಇಡುವ ಪ್ರೋಗ್ರಾಂಗಳು ಎರಡಿದ್ದವು. ಒಂದು ಯಂತ್ರದ ಜೊತೆಗೇ ಬಂದದ್ದು, ಇನ್ನೊಂದು ಪ್ರಯೋಗಾಲಯದವರೇ ಬರೆದುಕೊಂಡದ್ದು. ಎರಡು ಪುಸ್ತಕಗಳು ಒಂದಕ್ಕೊಂದು ತಾಳೆಯಾಗದ್ದರಿಂದಲೇ ಕಳ್ಳ ಹೆಜ್ಜೆಯ ಸುಳಿವು ಹತ್ತಿತು. ಹೊರಗಿನವನೊಬ್ಬ ಒಂದು ಪ್ರೋಗ್ರಾಂನ ಲೋಪವನ್ನು ಬಳಸಿಕೊಂಡು ಯಂತ್ರದ ಮೇಲ್ವಿಚಾರಕನ ಸಕಲ ಅಧಿಕಾರವನ್ನೂ ಕೈಗೆ ತೆಗೆದುಕೊಂಡಿದ್ದ. ಮೇಲ್ವಿಚಾರಕನ ಅಧಿಕಾರವಿದ್ದವನಿಗೆ ಲೆಕ್ಕದ ಪುಸ್ತಕವನ್ನು ತಿದ್ದುವ, ಅಳಿಸುವ ಅಧಿಕಾರವೂ ಇರುತ್ತದೆ. ಖಜಾನೆಯ ಬೀಗದ ಕೈ ಮತ್ತು ಕಾವಲುಗಾರನ ದಿನಚರಿ ಎರಡೂ ಕಳ್ಳನ ಜೇಬಿನಲ್ಲೇ ಇದ್ದಂತೆ.

ಸ್ಟಾಲ್ ಇದಕ್ಕೆ ಕಂಡುಕೊಂಡ ಉಪಾಯ ಬಹು ಸರಳ. ಒಂದು ವಾರಾಂತ್ಯ ಸಹೋದ್ಯೋಗಿಗಳ ಮೇಜುಗಳ ಮೇಲಿದ್ದ ಪ್ರಿಂಟರ್, ಟೆಲಿಪ್ರಿಂಟರ್, ಚಿಕ್ಕ ಕಂಪ್ಯೂಟರುಗಳನ್ನೆಲ್ಲ ಎರವಲು ತಂದರು. ಹೊರಗಿನಿಂದ ಒಳಬರುವ ಸುಮಾರು ಐವತ್ತು ಟೆಲಿಫೋನ್ ಸಂಪರ್ಕಗಳಿಗೆ ಒಂದೊಂದನ್ನು ಜೋಡಿಸಿದರು. ತಾವು ಮೇಜಿನ ಕೆಳಗೆ ಮಲಗಿದರು. ನುಸುಳುಕೋರ ಒತ್ತಿದ ಪ್ರತಿ ಅಕ್ಷರವೂ ಕಾಗದದ ಮೇಲೆ ಮೂಡತೊಡಗಿತು. ಕಂಪ್ಯೂಟರಿನ ಒಳಗೆ ಅವನು ರಾಜನಾಗಿದ್ದರೂ ಹೊರಗೆ ನೆಲದ ಮೇಲೆ ಬಿದ್ದ ಕಾಗದದ ಸುರುಳಿ ಅವನ ಕಣ್ಣಿಗೂ ಬೀಳುವಂತಿರಲಿಲ್ಲ, ಕೈಗೂ ಎಟುಕುವಂತಿರಲಿಲ್ಲ.

ಈ ಬೆನ್ನಟ್ಟುವಿಕೆ ತಿಂಗಳುಗಟ್ಟಲೆ ನಡೆಯಿತು. ನುಸುಳುಕೋರ ಸುಮಾರು 450 ಕಂಪ್ಯೂಟರುಗಳ ಬಾಗಿಲು ತಟ್ಟಿದ್ದ, 30ಕ್ಕೂ ಹೆಚ್ಚು ಕಡೆ ಒಳಹೊಕ್ಕಿದ್ದ. ಅವನನ್ನು ಹೆಚ್ಚು ಹೊತ್ತು ಸಂಪರ್ಕದಲ್ಲಿ ಹಿಡಿದಿಡಲು ಅಮೆರಿಕದ ‘ತಾರಾ ಸಮರ’ ಯೋಜನೆಯ ಹೆಸರಿನಲ್ಲಿ ಹುಸಿ ಕಡತಗಳನ್ನು ಸೃಷ್ಟಿಸಿ ಇಡಲಾಯಿತು. ಜಾಡು ಹಿಡಿದು ಹೋದಾಗ ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರದ ಮಾರ್ಕುಸ್ ಹೆಸ್ ಸಿಕ್ಕಿಬಿದ್ದ. ಅವನೂ ಅವನ ಸಂಗಡಿಗರೂ ಕದ್ದ ಮಾಹಿತಿಯನ್ನು ಸೋವಿಯತ್ ಬೇಹುಗಾರಿಕೆ ಸಂಸ್ಥೆ ಕೆಜಿಬಿಗೆ ಮಾರುತ್ತಿದ್ದರು ಎಂಬುದು ಬಯಲಾಯಿತು. 1990ರಲ್ಲಿ ಅವರಿಗೆ ಅಮಾನತಿನಲ್ಲಿಟ್ಟ ಸೆರೆವಾಸದ ಶಿಕ್ಷೆಯಾಯಿತು.

ಬೇಹುಗಾರಿಕೆಯ ರೋಚಕತೆಯನ್ನು ಬದಿಗಿಟ್ಟರೆ ಈ ಪ್ರಸಂಗದಲ್ಲಿ ಉಳಿಯುವ ಪಾಠಗಳು ಎರಡು. ಮೊದಲನೆಯದು, ಒಂದೇ ಘಟನೆಯನ್ನು ಎರಡು ಪುಸ್ತಕಗಳಲ್ಲಿ ಬರೆದಿಟ್ಟರೆ ಸುಳ್ಳು ಹೊರಬೀಳುತ್ತದೆ. ಎರಡನೆಯದು, ಕಳ್ಳನ ಕೈಗೆ ಸಿಗದ ಜಾಗದಲ್ಲಿ ಒಂದು ಪ್ರತಿ ಇರಬೇಕು. ನಂತರದ ದಶಕಗಳಲ್ಲಿ ನಡೆದದ್ದೆಲ್ಲ ಒಂದರ್ಥದಲ್ಲಿ ಈ ಎರಡು ಪಾಠಗಳ ವಿಸ್ತರಣೆ.

ಮರದ ದಿಮ್ಮಿಯೂ ಕಡತವೂ

ಕಂಪ್ಯೂಟರ್ ತನ್ನಲ್ಲಿ ನಡೆದ ಘಟನೆಗಳನ್ನು ಬರೆದಿಡುವ ಪುಸ್ತಕಕ್ಕೆ ‘ಲಾಗ್’ ಎಂದು ಹೆಸರು. ಯಾರು ಎಷ್ಟು ಗಂಟೆಗೆ ಒಳಬಂದರು, ಯಾರ ಪಾಸ್‌ವರ್ಡ್ ತಪ್ಪಾಯಿತು, ಯಾವ ಪ್ರೋಗ್ರಾಂ ಶುರುವಾಯಿತು, ಯಾವುದು ನಿಂತಿತು, ಎಲ್ಲವೂ ಅದರಲ್ಲಿ ಸಾಲುಸಾಲಾಗಿ ದಾಖಲಾಗುತ್ತವೆ. ಈ ಹೆಸರು ಬಂದದ್ದು ಹಡಗಿನಿಂದ. ಹಿಂದೆ ನಾವಿಕರು ಗಂಟುಗಳಿರುವ ಹಗ್ಗಕ್ಕೆ ಮರದ ದಿಮ್ಮಿ ಕಟ್ಟಿ ನೀರಿಗೆಸೆದು, ಬಿಚ್ಚಿಕೊಂಡ ಗಂಟುಗಳನ್ನು ಎಣಿಸಿ ಹಡಗಿನ ವೇಗ ಅಳೆಯುತ್ತಿದ್ದರು. ದಿಮ್ಮಿಯ ಲೆಕ್ಕ ಬರೆಯುವ ಪುಸ್ತಕ ‘ಲಾಗ್ ಬುಕ್’ ಆಯಿತು. ಕ್ರಮೇಣ ಹಡಗಿನ ದಿನಚರಿಗೇ ಆ ಹೆಸರು ನಿಂತಿತು.

ಕನ್ನಡದಲ್ಲಿ ಇಂದು ಫೈಲಿಗೆ ಬಳಸುವ ‘ಕಡತ’ ಎಂಬ ಮಾತಿನ ಹಿಂದೆಯೂ ಒಂದು ಕಥೆಯಿದೆ. ಮೂಲದಲ್ಲಿ ಕಡತವೆಂದರೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಕಪ್ಪಾಗಿಸಿ ಮಡಿಚಿಟ್ಟ ಬಟ್ಟೆ. ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರವಾಗಿವೆ. ಜೋಪಾನ ಮಾಡಿದರೆ ಕಡತ ಬಹುಕಾಲ ಬಾಳುತ್ತದೆ. ಆದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬರಹ ಮಾಯ, ಮತ್ತೆ ಬರೆಯಬಹುದು. ಕಲ್ಲಿನ ಶಾಸನಕ್ಕೂ ಕಡತಕ್ಕೂ ಇರುವ ವ್ಯತ್ಯಾಸವೇ ಇದು. ಕಲ್ಲಿನ ಮೇಲಿನ ಅಕ್ಷರವನ್ನು ಉಳಿಯಿಂದ ಕೆತ್ತಿ ತೆಗೆದರೆ ಗಾಯದ ಗುರುತು ಉಳಿಯುತ್ತದೆ. ಒರೆಸಿದ ಕಡತ ಏನನ್ನೂ ಹೇಳುವುದಿಲ್ಲ.

ಕಂಪ್ಯೂಟರಿನ ಲಾಗ್ ಸ್ವಭಾವದಲ್ಲಿ ಕಡತದಂತೆ, ಆದರೆ ಅದರಿಂದ ನಿರೀಕ್ಷಿಸುವುದು ಶಾಸನದ ಗುಣ. ಸಮಸ್ಯೆಯ ಮೂಲ ಇರುವುದು ಇಲ್ಲಿಯೇ. ಲಾಗ್ ಓದಿ ಕಳ್ಳರನ್ನು ಹಿಡಿಯಬಹುದೆಂಬ ವಿಚಾರವನ್ನು ಅಮೆರಿಕದ ಜೇಮ್ಸ್ ಆಂಡರ್ಸನ್ 1980ರ ಒಂದು ವರದಿಯಲ್ಲಿ ಮುಂದಿಟ್ಟರು. ಡೊರೊಥಿ ಡೆನ್ನಿಂಗ್ 1987ರ ಪ್ರಬಂಧದಲ್ಲಿ ಅದಕ್ಕೆ ಸ್ಪಷ್ಟ ರೂಪ ಕೊಟ್ಟರು. ಬಳಕೆದಾರರ ಎಂದಿನ ನಡವಳಿಕೆಯನ್ನು ಯಂತ್ರವೇ ಕಲಿತು, ಅದಕ್ಕೆ ಹೊರತಾದುದು ಕಂಡಾಗ ಎಚ್ಚರಿಸಬೇಕು ಎಂಬುದು ಅವರ ಸೂತ್ರ. ಲಾಗ್ ಓದುವವರು ಹುಟ್ಟಿಕೊಂಡ ಮೇಲೆ ಲಾಗ್ ಅಳಿಸುವವರೂ ಚುರುಕಾದರು.

ಕುಗ್ಗಿದ ಪುಸ್ತಕ

1994ರ ಕ್ರಿಸ್‌ಮಸ್ ದಿನ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ ಕಂಪ್ಯೂಟರ್ ಭದ್ರತಾ ತಜ್ಞ ಸುತೊಮು ಶಿಮೊಮುರ ಅವರ ಯಂತ್ರಗಳಿಗೆ ಯಾರೋ ನುಗ್ಗಿದರು. ಶಿಮೊಮುರ ಊರಲ್ಲಿರಲಿಲ್ಲ. ಒಳಬಂದವರು ಹೋಗುವಾಗ ಲಾಗ್‌ನಲ್ಲಿದ್ದ ತಮ್ಮ ಹೆಜ್ಜೆಗಳನ್ನು ಒರೆಸಿದರು. ಆದರೆ ಆ ಲಾಗ್‌ನ ಪ್ರತಿಯೊಂದು ಆಗಾಗ ತಾನಾಗಿಯೇ ಇನ್ನೊಂದು ಯಂತ್ರಕ್ಕೆ ಹೋಗುವ ಏರ್ಪಾಡಿತ್ತು. ಅಲ್ಲಿನ ಸೂಪರ್ ಕಂಪ್ಯೂಟರ್ ಕೇಂದ್ರದ ವಿದ್ಯಾರ್ಥಿಯೊಬ್ಬ ಹೊಸ ಪ್ರತಿಯನ್ನು ನೋಡಿದಾಗ ವಿಚಿತ್ರವೊಂದು ಕಂಡಿತು. ಹೊಸ ಪ್ರತಿ ಹಳೆಯದಕ್ಕಿಂತ ಚಿಕ್ಕದಾಗಿತ್ತು.

ದಿನಚರಿ ದಿನೇ ದಿನೇ ಬೆಳೆಯಬೇಕೇ ಹೊರತು ಕುಗ್ಗುವಂತಿಲ್ಲ. ಅಂಗಡಿಯ ಖಾತೆ ಪುಸ್ತಕದಲ್ಲಿ ನಿನ್ನೆ ನೂರು ಪುಟ ಬರೆದಿದ್ದು ಇಂದು ಎಂಬತ್ತೇ ಇದ್ದರೆ ಏನು ಬರೆದಿತ್ತೆಂದು ಓದುವ ಮೊದಲೇ ಗೊತ್ತಾಗುತ್ತದೆ, ಯಾರೋ ಹಾಳೆ ಹರಿದಿದ್ದಾರೆ. ಇಲ್ಲಿ ಆದದ್ದೂ ಅದೇ. ದಾಳಿಯ ಬಗ್ಗೆ ಲಾಗ್‌ನಲ್ಲಿ ಬರೆದಿದ್ದ ಸಾಲುಗಳಿಗಿಂತ ಆ ಸಾಲುಗಳು ಇಲ್ಲವಾದದ್ದೇ ದೊಡ್ಡ ಸುದ್ದಿಯಾಯಿತು. ಜಾಲದಲ್ಲಿ ಹರಿದ ಸಂದೇಶಗಳನ್ನು ಬೇರೆಯಾಗಿ ದಾಖಲಿಸಿಟ್ಟಿದ್ದರಿಂದ ದಾಳಿಕೋರರು ನಂಬಿಕಸ್ಥ ಯಂತ್ರವೊಂದರ ವೇಷ ಹಾಕಿ ಒಳಬಂದ ಬಗೆಯನ್ನೂ ಶಿಮೊಮುರ ಬಿಡಿಸಿಟ್ಟರು. ಮುಂದಿನ ಬೆನ್ನಟ್ಟುವಿಕೆ 1995ರ ಫೆಬ್ರವರಿ 15ರಂದು ನಾರ್ತ್ ಕೆರೊಲಿನಾದ ರಾಲಿ ನಗರದಲ್ಲಿ ಕೆವಿನ್ ಮಿಟ್ನಿಕ್‌ನ ಬಂಧನದಲ್ಲಿ ಕೊನೆಗೊಂಡಿತು. ಕ್ರಿಸ್‌ಮಸ್ ದಿನದ ಆ ದಾಳಿಯಲ್ಲಿ ಅವನ ಕೈವಾಡ ಎಷ್ಟು ಎಂಬ ಬಗ್ಗೆ ಆಮೇಲೂ ಚರ್ಚೆ ನಡೆಯಿತು. ಆದರೆ ಹರಿದ ಹಾಳೆಯ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ.

ಹೆಗಲು ಮುಟ್ಟಿಕೊಂಡ ಕಳ್ಳ

1993ರಲ್ಲಿ ಬಂದ ವಿಂಡೋಸ್ ಎನ್‌ಟಿಯಲ್ಲಿ ಘಟನೆಗಳ ಲಾಗ್ ಒಂದು ವ್ಯವಸ್ಥಿತ ಅಂಗವಾಗಿ ಸೇರಿತು. ಅದರಲ್ಲಿ ಪ್ರತಿ ಬಗೆಯ ಘಟನೆಗೂ ಒಂದು ಸಂಖ್ಯೆ. ಭದ್ರತೆಯ ಲಾಗನ್ನು ಯಾರಾದರೂ ಪೂರ್ತಿ ಖಾಲಿ ಮಾಡಿದರೆ ಆ ಖಾಲಿ ಪುಸ್ತಕದಲ್ಲಿ ತಕ್ಷಣ ಒಂದು ಸಾಲು ಮೂಡುತ್ತದೆ: ಲಾಗ್ ಖಾಲಿ ಮಾಡಲಾಗಿದೆ, ಮಾಡಿದ್ದು ಇಂಥ ಹೆಸರಿನ ಖಾತೆ, ಇಂಥ ಹೊತ್ತಿನಲ್ಲಿ. ಹಳೆಯ ವಿಂಡೋಸ್‌ಗಳಲ್ಲಿ ಈ ಘಟನೆಯ ಸಂಖ್ಯೆ 517 ಆಗಿತ್ತು. ವಿಸ್ಟಾದಿಂದ ಈಚೆಗೆ ಅದು 1102. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕಂಪ್ಯೂಟರ್ ಲೋಕದಲ್ಲಿ ಸಿಗಲಾರದು. ಎಲ್ಲವನ್ನೂ ಅಳಿಸಬಹುದು, ಅಳಿಸಿದ್ದನ್ನು ಬಿಟ್ಟು.

ಹಾಗೆಂದು 1102 ಕಂಡ ಕೂಡಲೇ ಕಳ್ಳ ಬಂದ ಎಂದು ಕೂಗುವಂತಿಲ್ಲ. ಪರೀಕ್ಷೆಗೆಂದೋ ಜಾಗ ಸಾಲದೆಂದೋ ಮೇಲ್ವಿಚಾರಕರೇ ಲಾಗ್ ಖಾಲಿ ಮಾಡುವುದುಂಟು. ಲಾಗ್ ತುಂಬಿದಾಗ ಯಂತ್ರವೇ ಹಳೆಯ ಸಾಲುಗಳ ಮೇಲೆ ಹೊಸದನ್ನು ಬರೆಯುವುದೂ ಇದೆ. ಆದ್ದರಿಂದ ಪತ್ತೆ ಮಾಡುವವರು ಸುತ್ತಲ ಸಂದರ್ಭವನ್ನು ಕೇಳುತ್ತಾರೆ. ಅಳಿಸಿದ ಹೊತ್ತು ಕೆಲಸದ ವೇಳೆಯೋ ನಡುರಾತ್ರಿಯೋ? ಆ ಖಾತೆಯವರು ಎಂದಾದರೂ ಈ ಕೆಲಸ ಮಾಡುವವರೇ? ಅಳಿಸುವ ಮೊದಲು ಬೇರೆ ಯಂತ್ರದಿಂದ ಒಳಬಂದದ್ದು ಉಂಟೇ? ದಾಖಲೆಗಳ ಕ್ರಮಸಂಖ್ಯೆಯಲ್ಲಿ ಜಿಗಿತವಿದೆಯೇ? ದಿನವಿಡೀ ಗಿಜಿಗುಡುವ ಯಂತ್ರ ಅರ್ಧ ಗಂಟೆ ಮೌನವಾಗಿದ್ದುದು ಏಕೆ?

ಎಲ್ಲಕ್ಕಿಂತ ಮುಖ್ಯವಾದದ್ದು ಎರಡನೆಯ ಸಾಕ್ಷಿ. ಒಬ್ಬರು ಕಚೇರಿಯ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋದರೆ ಹೊರಟ ಯಂತ್ರದಲ್ಲೂ ತಲುಪಿದ ಯಂತ್ರದಲ್ಲೂ, ನಡುವೆ ಪಾಸ್‌ವರ್ಡ್ ಪರೀಕ್ಷಿಸಿದ ಸರ್ವರಿನಲ್ಲೂ ಗುರುತು ಬೀಳುತ್ತದೆ. ದಾಳಿಕೋರ ಒಂದು ಕಡೆ ಒರೆಸಿ ಮೂರು ಕಡೆ ಮರೆತಿರುತ್ತಾನೆ.

2017ರ ಜೂನ್ 27ರಂದು ಉಕ್ರೇನಿನಿಂದ ಹಬ್ಬಿದ ‘ನಾಟ್‌ಪೆಟ್ಯ’ ಎಂಬ ವಿನಾಶಕಾರಿ ಪ್ರೋಗ್ರಾಂ ತಾನು ಹೊಕ್ಕ ಯಂತ್ರಗಳ ಮುಖ್ಯ ಲಾಗ್‌ಗಳನ್ನೆಲ್ಲ ಖಾಲಿ ಮಾಡುವ ಆಜ್ಞೆಯನ್ನು ತನ್ನೊಳಗೇ ಹೊತ್ತಿತ್ತು. ಮುಂಬಯಿ ಬಳಿಯ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲ್ ಕೂಡ ಅದರ ಏಟಿಗೆ ಸಿಕ್ಕಿ ಕೆಲಸ ಅಸ್ತವ್ಯಸ್ತವಾಯಿತು. ಮರುವರ್ಷ ಫೆಬ್ರವರಿ 9ರಂದು ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಯ ಹೊತ್ತಿಗೆ ನಡೆದ ದಾಳಿಯಲ್ಲೂ ಇದೇ ತಂತ್ರ. ಕಳ್ಳತನ ಮುಗಿದ ಮೇಲೆ ಅಲ್ಲ, ಕಳ್ಳತನದ ಭಾಗವಾಗಿಯೇ ಒರೆಸುವ ಬಟ್ಟೆ ಬರುವ ಕಾಲ ಬಂದಿತ್ತು.

ಒಂದೇ ಸಾಲಿನ ಕೊಲೆ

ಇಡೀ ಪುಸ್ತಕವನ್ನು ಖಾಲಿ ಮಾಡಿದರೆ ಸಿಕ್ಕಿಬೀಳುತ್ತೇವೆ ಎಂದು ತಿಳಿದ ಜಾಣರು ಬೇರೆ ದಾರಿ ಹಿಡಿದರು. ಬೇಡವಾದ ಒಂದೇ ಸಾಲನ್ನು ಮಾತ್ರ ತೆಗೆಯುವುದು. 2017ರಲ್ಲಿ ‘ಶ್ಯಾಡೋ ಬ್ರೋಕರ್ಸ್’ ಎಂಬ ಅಜ್ಞಾತ ಗುಂಪು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯವೆಂದು ಹೇಳಲಾದ ಸಾಧನಗಳನ್ನು ಬಹಿರಂಗಪಡಿಸಿತು. ಅದರಲ್ಲಿ ವಿಂಡೋಸ್ ಲಾಗ್‌ನಿಂದ ಆಯ್ದ ಸಾಲನ್ನು ಮಾಯ ಮಾಡುವ ಉಪಕರಣವೂ ಇತ್ತು. ಅದು ಮುಂದಿನ ಸಾಲುಗಳ ಕ್ರಮಸಂಖ್ಯೆಯನ್ನು ಸರಿಪಡಿಸುತ್ತಿತ್ತು, ಕಡತದ ತಾಳೆ ಮೊತ್ತವನ್ನೂ ಹೊಸದಾಗಿ ಲೆಕ್ಕ ಹಾಕುತ್ತಿತ್ತು. 1102 ಮೂಡುವ ಪ್ರಶ್ನೆಯೇ ಇಲ್ಲ.

ಆದರೆ ಅದೇ ವರ್ಷದ ಡಿಸೆಂಬರಿನಲ್ಲಿ ನೆದರ್ಲೆಂಡ್ಸಿನ ಫಾಕ್ಸ್-ಐಟಿ ಸಂಸ್ಥೆಯ ತಜ್ಞರು ಈ ಉಪಕರಣದ ಗುಟ್ಟು ಬಿಡಿಸಿದರು. ಲಾಗ್‌ನ ಪ್ರತಿ ಸಾಲೂ ತನ್ನ ಉದ್ದವೆಷ್ಟು ಎಂದು ಹೇಳಿಕೊಳ್ಳುತ್ತದೆ. ಉಪಕರಣವು ಬೇಡವಾದ ಸಾಲನ್ನು ನಿಜಕ್ಕೂ ಅಳಿಸುತ್ತಿರಲಿಲ್ಲ. ಅದರ ಹಿಂದಿನ ಸಾಲಿನ ಉದ್ದವನ್ನು ಹಿಗ್ಗಿಸಿ, ಬೇಡವಾದದ್ದು ಅದರ ಹೊಟ್ಟೆಯೊಳಗೆ ಸೇರುವಂತೆ ಮಾಡುತ್ತಿತ್ತು. ಓದುವ ಪ್ರೋಗ್ರಾಂ ಹಿಂದಿನ ಸಾಲನ್ನು ಓದಿ ಹೂತ ಸಾಲನ್ನು ದಾಟಿ ಮುಂದೆ ಹೋಗುತ್ತಿತ್ತು. ಹೆಣವನ್ನು ಪಕ್ಕದ ಮನೆಯ ಅಂಗಳದಲ್ಲಿ ಹೂತು ಬೇಲಿಯನ್ನು ಸರಿಸಿದಂತೆ. ಉದ್ದಕ್ಕೂ ಒಳಗಿನ ಬರಹಕ್ಕೂ ತಾಳೆ ನೋಡಿದರೆ ಹೂತ ಸಾಲು ಪೂರ್ತಿಯಾಗಿ ಸಿಗುತ್ತಿತ್ತು. ಮುಚ್ಚಿಡಲು ಹೊರಟ ಸಾಲು ಯಾವುದೆಂದು ತೋರಿಸಿಕೊಟ್ಟದ್ದು ಮುಚ್ಚಿಟ್ಟ ಕ್ರಮವೇ.

ಬಾಯಿ ಕಟ್ಟಿದ ಪ್ರಿಂಟರ್

ಸ್ಟಾಲ್ ಅವರನ್ನು ಕಾಪಾಡಿದ ಕಾಗದ ಎಲ್ಲರನ್ನೂ ಕಾಪಾಡಲಿಲ್ಲ. 2016ರ ಫೆಬ್ರವರಿ 4ರ ರಾತ್ರಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಹೆಸರಿನಲ್ಲಿ ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕಿಗೆ 35 ಸುಳ್ಳು ಆದೇಶಗಳು ಹೋದವು. ಕೇಳಿದ ಮೊತ್ತ ಸುಮಾರು 95 ಕೋಟಿ ಡಾಲರ್. ಢಾಕಾದ ಬ್ಯಾಂಕಿನಲ್ಲಿ ಇಂಥ ವಹಿವಾಟುಗಳನ್ನು ತಾನಾಗಿ ಮುದ್ರಿಸುವ ಪ್ರಿಂಟರ್ ಇತ್ತು. ಮರುದಿನ ಶುಕ್ರವಾರ, ಅಲ್ಲಿ ವಾರದ ರಜೆ. ಬಂದು ನೋಡಿದವರಿಗೆ ಪ್ರಿಂಟರ್ ಕೆಲಸ ಮಾಡುತ್ತಿಲ್ಲವೆಂದು ಕಂಡಿತು. ಪ್ರಿಂಟರ್ ಕೆಡುವುದು ಯಾವ ಕಚೇರಿಗೂ ಹೊಸತಲ್ಲ. ಎಂದಿನ ರಗಳೆ ಎಂದುಕೊಂಡರು.

ಅದು ಎಂದಿನ ರಗಳೆಯಾಗಿರಲಿಲ್ಲ. ಬ್ಯಾಂಕಿನ ವ್ಯವಸ್ಥೆಯೊಳಗೆ ಸೇರಿಕೊಂಡಿದ್ದ ಪ್ರೋಗ್ರಾಂ ಸುಳ್ಳು ವಹಿವಾಟಿನ ದಾಖಲೆಗಳನ್ನು ದತ್ತಾಂಶದಿಂದ ತೆಗೆದುಹಾಕುತ್ತಿತ್ತು. ದೃಢೀಕರಣದ ಸಂದೇಶಗಳು ಕಾಗದದ ಮೇಲೆ ಬರದಂತೆ ನೋಡಿಕೊಳ್ಳುತ್ತಿತ್ತು. ದಾಳಿಕೋರರು ಲಾಗನ್ನಷ್ಟೇ ಅಲ್ಲ, ಲಾಗ್‌ನ ಸಾಕ್ಷಿಯನ್ನೂ ಮೌನಗೊಳಿಸಿದ್ದರು. ಪ್ರಿಂಟರ್ ಮತ್ತೆ ಚಾಲೂ ಆಗುವಷ್ಟರಲ್ಲಿ ನ್ಯೂಯಾರ್ಕಿನಲ್ಲಿ ವಾರಾಂತ್ಯ. ಐದು ಆದೇಶಗಳ ಮೂಲಕ 10.1 ಕೋಟಿ ಡಾಲರ್ ಹೊರಟುಹೋಗಿತ್ತು. ಶ್ರೀಲಂಕಾಕ್ಕೆ ಹೋದ 2 ಕೋಟಿ, ಆದೇಶದಲ್ಲಿದ್ದ ಒಂದು ಅಕ್ಷರದೋಷದ ದೆಸೆಯಿಂದ ಸಂಶಯಕ್ಕೀಡಾಗಿ ಹಿಂದಕ್ಕೆ ಬಂತು. ಉಳಿದ 8.1 ಕೋಟಿ ಫಿಲಿಪ್ಪೀನ್ಸ್ ಸೇರಿತು. ಒಂದು ಬಡ ರಾಷ್ಟ್ರದ ವಿದೇಶಿ ವಿನಿಮಯದ ಹಣ ಅದು.

ಈ ಪ್ರಕರಣ ಕಲಿಸಿದ್ದಿಷ್ಟು. ಮೌನವೂ ಒಂದು ಘಟನೆ. ಪ್ರತಿದಿನ ಮಾತನಾಡುವ ಯಂತ್ರ ಸುಮ್ಮನಾದರೆ ಅದನ್ನೂ ಎಚ್ಚರಿಕೆಯೆಂದೇ ಓದಬೇಕು. ಇಂದು ಎಚ್ಚರದ ಸಂಸ್ಥೆಗಳಲ್ಲಿ ಲಾಗ್‌ಗಳು ಹುಟ್ಟಿದ ಕ್ಷಣವೇ ದೂರದ ಇನ್ನೊಂದು ಯಂತ್ರಕ್ಕೆ ಹೋಗುತ್ತವೆ. ಬರುವುದು ನಿಂತರೂ ಅಲ್ಲಿ ಗಂಟೆ ಬಾರಿಸುತ್ತದೆ.

ಸರಪಳಿಯೂ ಪತ್ರಿಕೆಯೂ

ದೂರದ ಪ್ರತಿಯನ್ನೂ ತಿದ್ದಿದರೆ? ಅದಕ್ಕೆ ಉತ್ತರ ಕೊಟ್ಟವರು ಗಣಿತಜ್ಞರು. ಎಷ್ಟೇ ಉದ್ದದ ಬರಹವನ್ನಾದರೂ ಒಂದು ಚಿಕ್ಕ ಮುದ್ರೆಗೆ ಇಳಿಸುವ ‘ಹ್ಯಾಶ್’ ಎಂಬ ಲೆಕ್ಕಾಚಾರವಿದೆ. ಮೂಲದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಮುದ್ರೆ ಪೂರ್ತಿ ಬೇರೆಯಾಗುತ್ತದೆ. ಪ್ರತಿ ಸಾಲಿನ ಮುದ್ರೆಯಲ್ಲಿ ಹಿಂದಿನ ಸಾಲಿನ ಮುದ್ರೆಯನ್ನೂ ಸೇರಿಸುತ್ತ ಹೋದರೆ ಇಡೀ ಪುಸ್ತಕ ಸರಪಳಿಯಾಗುತ್ತದೆ. ನಡುವಿನ ಕೊಂಡಿಯೊಂದನ್ನು ಮುಟ್ಟಿದರೆ ಮುಂದಿನದೆಲ್ಲ ತಾಳ ತಪ್ಪುತ್ತದೆ.

ಅಮೆರಿಕದ ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟಾರ್ನೆಟ್ಟ 1991ರಲ್ಲಿ ಈ ಕ್ರಮವನ್ನು ಪ್ರಕಟಿಸಿದರು. ಸರಪಳಿಯ ಕೊನೆಯ ಮುದ್ರೆಯನ್ನು ಯಾರೂ ತಿದ್ದಲಾಗದ ಜಾಗದಲ್ಲಿ ಇಡಬೇಕಲ್ಲ? ಅವರು ಆರಿಸಿಕೊಂಡದ್ದು ದಿನಪತ್ರಿಕೆಯನ್ನು! 1995ರಿಂದ ‘ನ್ಯೂಯಾರ್ಕ್ ಟೈಮ್ಸ್’ನ ಸಣ್ಣ ಪ್ರಕಟಣೆಗಳ ನಡುವೆ ವಾರಕ್ಕೊಮ್ಮೆ ಆ ಅಂಕಿ ಅಕ್ಷರಗಳ ಸಾಲು ಅಚ್ಚಾಗತೊಡಗಿತು. ಲಕ್ಷಾಂತರ ಮನೆಗಳಿಗೆ ಹೋದ ಪ್ರತಿಗಳನ್ನು ಯಾವ ಕಳ್ಳ ತಾನೆ ಹುಡುಕಿ ತಿದ್ದಬಲ್ಲ? ಬ್ರೂಸ್ ಶ್ನೈಯರ್ ಮತ್ತು ಜಾನ್ ಕೆಲ್ಸಿ 1998ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಪ್ರತಿ ಸಾಲು ಬರೆದ ಮೇಲೆ ಅದಕ್ಕೆ ಬಳಸಿದ ರಹಸ್ಯ ಕೀಲಿಯನ್ನು ಬದಲಿಸಿ ಹಳೆಯದನ್ನು ನಾಶಮಾಡುವ ವಿಧಾನ ಅದು. ಇಂದು ಯಂತ್ರವನ್ನು ವಶಪಡಿಸಿಕೊಂಡವನು ಇಂದಿನಿಂದ ಸುಳ್ಳು ಬರೆಯಬಹುದು. ನಿನ್ನೆ ಬರೆದದ್ದನ್ನು ಗೊತ್ತಾಗದಂತೆ ತಿದ್ದಲಾರ.

ಯಾರಿಗಾಗಿ ಈ ಸಾಕ್ಷಿ?

ಭಾರತದಲ್ಲಿ ಕಂಪ್ಯೂಟರ್ ತುರ್ತು ಸ್ಪಂದನಾ ತಂಡವಾದ ‘ಸರ್ಟ್-ಇನ್’ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ಸಂಸ್ಥೆಗಳು 180 ದಿನಗಳ ಲಾಗ್‌ಗಳನ್ನು ಸುರಕ್ಷಿತವಾಗಿ ಇಡಬೇಕೆಂದೂ, ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ತಿಳಿಸಬೇಕೆಂದೂ ಹೇಳಿದೆ. ಗಡಿಯಾರಗಳನ್ನು ಅಧಿಕೃತ ಸಮಯಕ್ಕೆ ಹೊಂದಿಸಬೇಕೆಂಬ ನಿಯಮವೂ ಅದರಲ್ಲಿದೆ. ಎರಡು ಸಾಕ್ಷಿಗಳ ಗಡಿಯಾರ ಬೇರೆ ಬೇರೆಯಾದರೆ ತಾಳೆ ನೋಡುವುದಾದರೂ ಹೇಗೆ? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ವಿದ್ಯುನ್ಮಾನ ದಾಖಲೆಯ ಹ್ಯಾಶ್ ಮುದ್ರೆಯನ್ನು ನಮೂದಿಸಲು ಜಾಗವಿದೆ. ಗಣಿತಜ್ಞರ ಸರಪಳಿ ನ್ಯಾಯಾಲಯದ ಮೆಟ್ಟಿಲೇರಿದೆ.

ಇದೆಲ್ಲ ಕಳ್ಳರನ್ನು ಹಿಡಿಯುವುದಕ್ಕೆ ಮಾತ್ರ ಎಂದುಕೊಂಡರೆ ಅರ್ಧ ತಿಳಿದಂತೆ. ಬ್ರಿಟನ್ನಿನಲ್ಲಿ 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಉಪ ಅಂಚೆಪಾಲಕರು ಹಣ ದುರುಪಯೋಗದಂಥ ಆರೋಪಗಳಿಗೆ ಶಿಕ್ಷೆಗೊಳಗಾದರು. ‘ಹೊರೈಜನ್’ ಎಂಬ ಕಂಪ್ಯೂಟರ್ ವ್ಯವಸ್ಥೆ ತೋರಿಸಿದ ಕೊರತೆಯೇ ಅವರ ವಿರುದ್ಧದ ಸಾಕ್ಷಿ. ಅದರಲ್ಲಿ ದೋಷಗಳಿದ್ದವೆಂದೂ, ಅಂಚೆಪಾಲಕರಿಗೆ ತಿಳಿಯದಂತೆ ದೂರದಿಂದಲೇ ಅವರ ಶಾಖೆಯ ಲೆಕ್ಕವನ್ನು ತಿದ್ದಲು ಸಾಧ್ಯವಿತ್ತೆಂದೂ 2019ರಲ್ಲಿ ಅಲ್ಲಿನ ಹೈಕೋರ್ಟ್ ಹೇಳಿತು. ಕೊನೆಗೆ 2024ರಲ್ಲಿ ವಿಶೇಷ ಕಾನೂನು ತಂದು ಸಾಮೂಹಿಕವಾಗಿ ಶಿಕ್ಷೆಗಳನ್ನು ರದ್ದುಗೊಳಿಸಬೇಕಾಯಿತು. ಅಷ್ಟರಲ್ಲಿ ಹಲವರು ಮನೆಮಠ ಕಳೆದುಕೊಂಡಿದ್ದರು, ಕೆಲವರು ತೀರಿಕೊಂಡಿದ್ದರು.

ಅಲ್ಲಿ ನುಸುಳುಕೋರ ಯಾರೂ ಇರಲಿಲ್ಲ. ತಿದ್ದಲು ಸಾಧ್ಯವಿದ್ದ ಪುಸ್ತಕವನ್ನು ತಿದ್ದಲಾಗದ ಪುಸ್ತಕವೆಂದು ನಂಬಿದ್ದೇ ಅನಾಹುತವಾಯಿತು. ಯಾರು, ಯಾವಾಗ, ಏನನ್ನು ಮುಟ್ಟಿದರು ಎಂಬ ಪ್ರಾಮಾಣಿಕ ದಾಖಲೆ ಕಳ್ಳನಿಗೆ ಶತ್ರುವಾಗುವಷ್ಟೇ ನಿರಪರಾಧಿಗೆ ಬಂಧುವೂ ಆಗುತ್ತದೆ. ಬ್ಯಾಂಕು, ಆಸ್ಪತ್ರೆ, ಪಹಣಿ, ಪಡಿತರ ಎಲ್ಲವೂ ಕಂಪ್ಯೂಟರ್ ಸೇರಿರುವ ಈ ಕಾಲದಲ್ಲಿ ಕಡತವನ್ನು ಒರೆಸಿದವರು ಯಾರೆಂದು ಕಡತವೇ ಹೇಳಬೇಕು. ಬರ್ಕ್ಲಿಯಲ್ಲಿ ಅದನ್ನು ಹೇಳಲು 75 ಸೆಂಟ್ ಸಾಕಾಗಿತ್ತು, ಕೇಳಿಸಿಕೊಳ್ಳುವವರೊಬ್ಬರು ಇದ್ದರು ಎಂಬ ಕಾರಣಕ್ಕೆ.